ವೃದ್ಧಾಪ್ಯದಲ್ಲಿ ಉಪವಾಸವೂ ಶಕ್ತಿರಕ್ಷಣೆಯೂ

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣ ಪರ್ವದಲ್ಲಾಗಲಿ, ಅಷ್ಟಾಹ್ನಿಕದ ದಿನಗಳಲ್ಲಾಗಲಿ, ನೋಂಪಿಯ ಉದ್ಯಾಪನೆಯಲ್ಲಾಗಲಿ ಬಸದಿಯಲ್ಲಿ ಉಪವಾಸದ ಸಂಕಲ್ಪ ಮಾಡುವವರ ಸಾಲಿನಲ್ಲಿ ನರೆತ ತಲೆಗಳಿಗೆ ಕೊರತೆಯಿಲ್ಲ. ಹರೆಯದಲ್ಲಿ ಹಿಡಿದ ನಿಯಮವನ್ನು ಎಪ್ಪತ್ತು, ಎಂಬತ್ತರ ವಯಸ್ಸಿನಲ್ಲಿಯೂ ಬಿಡದೆ ನಡೆಸುವ ಹಿರಿಯರು ಅನೇಕ ಶ್ರಾವಕ ಕುಟುಂಬಗಳಲ್ಲಿ ಇದ್ದಾರೆ. ಅವರ ಶ್ರದ್ಧೆ ಗೌರವಕ್ಕೆ ಪಾತ್ರವಾದುದು. ಆದರೆ ಅದೇ ಮನೆಯಲ್ಲಿ ಅವರ ವಿಷಯವಾಗಿ ಎರಡು ಅಭಿಪ್ರಾಯಗಳು ಕೇಳಿಬರುವುದೂ ಉಂಟು. ಉಪವಾಸ ಮಾಡಿದಷ್ಟೂ ಆರೋಗ್ಯ ಹೆಚ್ಚುವುದೆಂದು ವಿಜ್ಞಾನವೇ ಸಾಧಿಸಿದೆ, ಆದುದರಿಂದ ವಯಸ್ಸಿನ ಭೇದವಿಲ್ಲದೆ ಮಾಡಬಹುದೆಂದು ಕೆಲವರು ಹೇಳುತ್ತಾರೆ. ಅರವತ್ತು ಕಳೆದವರಿಗೆ ಉಪವಾಸದ ಮಾತೇ ಬೇಡವೆಂದು ಮತ್ತೆ ಕೆಲವರು ತಡೆಯುತ್ತಾರೆ. ವೃದ್ಧಾಪ್ಯವನ್ನು ಕುರಿತು ಕಳೆದ ತೊಂಬತ್ತು ವರ್ಷಗಳಲ್ಲಿ ನಡೆದ ಸಂಶೋಧನೆಯನ್ನು ನಿಷ್ಪಕ್ಷಪಾತವಾಗಿ ಪರಿಶೀಲಿಸಿದರೆ ಈ ಎರಡು ಅಭಿಪ್ರಾಯಗಳೂ ಅಪೂರ್ಣವೆಂದು ಕಂಡುಬರುತ್ತದೆ.

ಮೊದಲಿಗೆ ಒಂದು ವಿಷಯ ಸ್ಪಷ್ಟವಾಗಬೇಕು. ಶ್ರಾವಕನ ಉಪವಾಸದ ಪ್ರಯೋಜನ ಇಂದ್ರಿಯಜಯ ಮತ್ತು ಕರ್ಮನಿರ್ಜರೆ. ದೇಹವನ್ನು ಹೆಚ್ಚು ಕಾಲ ಬಾಳಿಸುವುದಲ್ಲ. ಪ್ರಯೋಗಶಾಲೆಯ ತಕ್ಕಡಿಯಲ್ಲಿ ನಿರ್ಜರೆಯನ್ನು ತೂಗಲು ಸಾಧ್ಯವಿಲ್ಲ. ವಿಜ್ಞಾನವು ಹೇಳಬಲ್ಲುದು ದೇಹದ ವಿಷಯವನ್ನು ಮಾತ್ರ. ಆದರೆ ವ್ರತವನ್ನು ನಡೆಸುವುದು ಈ ದೇಹದ ಆಶ್ರಯದಿಂದಲೇ ಆದುದರಿಂದ, ಮುಪ್ಪಿನಲ್ಲಿ ದೇಹವು ಹೇಗೆ ಬದಲಾಗುತ್ತದೆಂಬುದನ್ನು ತಿಳಿದಿರುವುದು ವಿವೇಕದ ಲಕ್ಷಣ. ಸಲ್ಲೇಖನೆಯ ವಿಚಾರ ಇದರಿಂದ ಸಂಪೂರ್ಣವಾಗಿ ಬೇರೆ. ಅದಕ್ಕೆ ಅದರದೇ ಆದ ಕಾರಣಗಳೂ ವಿಧಿಯೂ ಗುರುಗಳ ಅನುಜ್ಞೆಯೂ ಇವೆ. ಮನೆಯಲ್ಲಿ ಬಾಳುತ್ತ ಪರ್ವದಿನಗಳ ನಿಯಮವನ್ನು ಪಾಲಿಸುವ ಹಿರಿಯರಷ್ಟೇ ಇಲ್ಲಿಯ ವಿಷಯ.

ಮಿತಾಹಾರದ ಸಂಶೋಧನೆ

ಆಹಾರದ ಮಿತಿಗೂ ಆಯುಷ್ಯಕ್ಕೂ ಸಂಬಂಧವಿದೆಯೆಂಬ ಆಧುನಿಕ ವಿಚಾರಕ್ಕೆ ಬುನಾದಿ ಹಾಕಿದವರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಕ್ಲೈವ್ ಮೆಕೇ ಮುಖ್ಯರು. 1935ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಪ್ರಕಟಿಸಿದ ಲೇಖನದ ಪ್ರಕಾರ, ಕಡಿಮೆ ಆಹಾರದಿಂದ ಬೆಳೆದ ಇಲಿಗಳಲ್ಲಿ, ಅದರಲ್ಲಿಯೂ ಗಂಡು ಇಲಿಗಳು, ಹೊಟ್ಟೆ ತುಂಬ ತಿಂದವುಗಳಿಗಿಂತ ಬಹಳ ಹೆಚ್ಚು ಕಾಲ ಬದುಕಿದವು. ಅನಂತರ ಅಮೆರಿಕದಲ್ಲಿಯೇ ಎರಡು ಕಡೆ ರೀಸಸ್ ಕೋತಿಗಳ ಮೇಲೆ ದೀರ್ಘಕಾಲದ ಪ್ರಯೋಗಗಳು ನಡೆದವು. ರಾಷ್ಟ್ರೀಯ ವೃದ್ಧಾಪ್ಯ ಸಂಸ್ಥೆಯ ಪ್ರಯೋಗ 1987ರಲ್ಲಿಯೂ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಪ್ರಯೋಗ 1989ರಲ್ಲಿಯೂ ಆರಂಭವಾದವು. ಆಹಾರದ ಕ್ಯಾಲರಿಯನ್ನು ಸುಮಾರು ಶೇಕಡಾ 30ರಷ್ಟು ಇಳಿಸಿದುದರಿಂದ ವಯಸ್ಸಿಗೆ ಸಂಬಂಧಿಸಿದ ಸಾವುಗಳು ಕಡಿಮೆಯಾದವೆಂದು ವಿಸ್ಕಾನ್ಸಿನ್ನಿನವರು 2009ರಲ್ಲಿ ವರದಿ ಮಾಡಿದರು. ಆಯುಷ್ಯ ಹೆಚ್ಚಲಿಲ್ಲವೆಂದು ಮತ್ತೊಂದು ಸಂಸ್ಥೆಯವರು 2012ರಲ್ಲಿ ತಿಳಿಸಿದರು. 2017ರಲ್ಲಿ ಎರಡೂ ತಂಡಗಳು ಕೂಡಿ ವಿವೇಚಿಸಿದಾಗ, ಆಹಾರದ ಪ್ರಮಾಣದಷ್ಟೇ ಅದರ ಗುಣವೂ, ಮಿತಾಹಾರ ಆರಂಭವಾದ ವಯಸ್ಸೂ ಫಲವನ್ನು ಬದಲಾಯಿಸುತ್ತವೆಂಬುದು ಹೊರಬಂದಿತು.

ಅಹಿಂಸಾಧರ್ಮವನ್ನು ಪಾಲಿಸುವವರಿಗೆ ಪಂಜರದ ಪ್ರಾಣಿಗಳ ಮೇಲಿನ ಇಂತಹ ಪ್ರಯೋಗಗಳ ವೃತ್ತಾಂತ ಸಂತೋಷದ ಓದಲ್ಲ. ಈ ಪ್ರಯೋಗಗಳನ್ನು ಸಮರ್ಥಿಸುವುದು ಇಲ್ಲಿಯ ಉದ್ದೇಶವಲ್ಲ. ಆದರೆ ಇವುಗಳ ಹೆಸರಿನಲ್ಲಿ ಉಪವಾಸದ ಮಹಿಮೆಯನ್ನು ಸಾರುವವರು ಮರೆಯುವ ಒಂದು ಅಂಶವನ್ನು ಎತ್ತಿ ತೋರಿಸುವುದು ಅವಶ್ಯ. ಮೆಕೇಯವರು ಕಡಿಮೆ ಮಾಡಿದುದು ಕ್ಯಾಲರಿಯನ್ನು ಮಾತ್ರ. ಪ್ರೋಟೀನು, ಜೀವಸತ್ತ್ವಗಳು ಮತ್ತು ಖನಿಜ ಲವಣಗಳು ಕೊರತೆಯಾಗದಂತೆ ನೋಡಿಕೊಂಡಿದ್ದರು. ಅಂದರೆ ಅವರ ಮಿತಾಹಾರ ಅಪೌಷ್ಟಿಕ ಆಹಾರವಾಗಿರಲಿಲ್ಲ. ಕಡಿಮೆ ಉಣ್ಣುವುದೂ ಸಾರವಿಲ್ಲದುದನ್ನು ಉಣ್ಣುವುದೂ ಒಂದೇ ಅಲ್ಲ.

ಮನುಷ್ಯರಲ್ಲಿ ಕಂಡುಬಂದುದು

ಮನುಷ್ಯರ ಮೇಲೆ ನಡೆದ ಮಿತಾಹಾರದ ಅಧ್ಯಯನಗಳಲ್ಲಿ ಮುಖ್ಯವಾದುದು ಅಮೆರಿಕದ ಕ್ಯಾಲರಿ ಎಂಬ ಹೆಸರಿನ ಅಧ್ಯಯನ. ಸ್ಥೂಲಕಾಯರಲ್ಲದ 200ಕ್ಕೂ ಹೆಚ್ಚು ಸ್ತ್ರೀಪುರುಷರು ಸ್ವಇಚ್ಛೆಯಿಂದ ಎರಡು ವರ್ಷ ಅದರಲ್ಲಿ ಪಾಲ್ಗೊಂಡರು. ಆಹಾರವನ್ನು ಶೇಕಡಾ 25ರಷ್ಟು ಇಳಿಸುವುದು ಗುರಿಯಾಗಿತ್ತು. ಸರಾಸರಿಯಾಗಿ ಸಾಧ್ಯವಾದುದು ಸುಮಾರು ಶೇಕಡಾ 12. ಅಷ್ಟರಿಂದಲೇ ತೂಕ ಇಳಿಯಿತು, ರಕ್ತದೊತ್ತಡ ಮತ್ತು ರಕ್ತದಲ್ಲಿನ ಕೊಬ್ಬಿನ ಅಂಶ ಉತ್ತಮಗೊಂಡವು. 2015ರಲ್ಲಿ ಮುಖ್ಯ ಫಲಿತಾಂಶಗಳು ಪ್ರಕಟವಾದವು. ಇದು ಮಿತಾಹಾರಿಗಳಿಗೆ ಸಮಾಧಾನ ತರುವ ಸಂಗತಿಯೇ. ಹೊಟ್ಟೆಯನ್ನು ಪೂರ್ತಿ ತುಂಬದೆ ಒಂದು ಭಾಗವನ್ನು ಬರಿದಾಗಿಡುವ ಅವಮೌದರ್ಯವು ಬಾಹ್ಯ ತಪಸ್ಸುಗಳಲ್ಲಿ ಅನಶನದ ಅನಂತರ ಎರಡನೆಯದಾಗಿ ಎಣಿಕೆಯಾಗಿದೆ. ಜಪಾನಿನ ಓಕಿನಾವಾ ದ್ವೀಪದ ಹಿರಿಯರಲ್ಲಿಯೂ ಹತ್ತು ಭಾಗದಲ್ಲಿ ಎಂಟು ಭಾಗ ತುಂಬಿದಾಗ ಊಟವನ್ನು ನಿಲ್ಲಿಸಬೇಕೆಂಬ ರೂಢಿಯ ಮಾತುಂಟು.

ಆದರೆ ಅದೇ ಅಧ್ಯಯನದ ಇನ್ನೆರಡು ವಿವರಗಳನ್ನು ಬಿಟ್ಟರೆ ಚಿತ್ರ ಅರ್ಧವಾಗುತ್ತದೆ. ಒಂದನೆಯದು, ಅದರಲ್ಲಿ ಪಾಲ್ಗೊಂಡವರ ವಯಸ್ಸು 21ರಿಂದ ಸುಮಾರು 50 ವರ್ಷ. ವೃದ್ಧರು ಅದರಲ್ಲಿ ಇರಲಿಲ್ಲ. ಎರಡನೆಯದು, ಅವರಿಗೆ ಜೀವಸತ್ತ್ವ ಮತ್ತು ಸುಣ್ಣದಂಶದ ಮಾತ್ರೆಗಳನ್ನು ಕೊಡುತ್ತಿದ್ದರೂ ಸೊಂಟ ಮತ್ತು ಬೆನ್ನಿನ ಎಲುಬುಗಳ ಸಾಂದ್ರತೆ ಸ್ವಲ್ಪ ಇಳಿಯಿತು. ಕೊಬ್ಬಿನೊಡನೆ ಸ್ನಾಯುವಿನ ಅಂಶವೂ ಸ್ವಲ್ಪ ಕರಗಿತು. ಮೂವತ್ತೈದರ ದೇಹ ಈ ನಷ್ಟವನ್ನು ತುಂಬಿಕೊಳ್ಳಬಲ್ಲುದು. ಎಪ್ಪತ್ತೈದರ ದೇಹಕ್ಕೆ ಅದು ಅಷ್ಟು ಸುಲಭವಲ್ಲ.

ಪ್ರವಚನಗಳಲ್ಲಿಯೂ ಕರಪತ್ರಗಳಲ್ಲಿಯೂ ಬರುವ ಮತ್ತೊಂದು ಮಾತನ್ನು ಇಲ್ಲಿಯೇ ಪರಿಶೀಲಿಸಬಹುದು. ಉಪವಾಸಕ್ಕೆ ನೊಬೆಲ್ ಪಾರಿತೋಷಕ ಬಂದಿದೆ ಎಂಬುದು ಆ ಮಾತು. 2016ರಲ್ಲಿ ಜಪಾನಿನ ವಿಜ್ಞಾನಿ ಯೋಶಿನೋರಿ ಓಸುಮಿಯವರಿಗೆ ವೈದ್ಯಶಾಸ್ತ್ರದ ಆ ಪಾರಿತೋಷಕ ಬಂದುದು ನಿಜ. ಜೀವಕೋಶವು ತನ್ನಲ್ಲಿಯೇ ಹಳಸಿದ ಭಾಗಗಳನ್ನು ಒಡೆದು ಮರಳಿ ಬಳಸಿಕೊಳ್ಳುವ ವಿಧಾನವನ್ನು, ಅಂದರೆ ಆಟೊಫೇಜಿ ಎಂಬ ಕ್ರಿಯೆಯನ್ನು, ಅವರು ಯೀಸ್ಟ್ ಕೋಶಗಳಲ್ಲಿ ಕಂಡುಹಿಡಿದರು. ಪೋಷಕಾಂಶಗಳು ಸಿಗದಾಗ ಆ ಕ್ರಿಯೆ ಚುರುಕಾಗುತ್ತದೆಂಬುದೂ ಸತ್ಯ. ಆದರೆ ಪಾರಿತೋಷಕ ದೊರೆತುದು ಆ ಕ್ರಿಯೆಯ ಶೋಧಕ್ಕೆ. ವೃದ್ಧರು ಇಷ್ಟು ದಿನ ಉಪವಾಸ ಮಾಡಬೇಕೆಂಬ ಯಾವ ವಿಧಿಯೂ ಅದರಿಂದ ಸಿದ್ಧವಾಗುವುದಿಲ್ಲ. ವ್ರತವನ್ನು ಗೌರವಿಸುವವರು ಅದರ ಸಮರ್ಥನೆಗಾಗಿ ಸತ್ಯವನ್ನು ಹಿಗ್ಗಿಸುವುದು ಯೋಗ್ಯವಲ್ಲ.

ಮುಪ್ಪಿನ ದೇಹದ ಸ್ಥಿತಿ

ಇಳಿವಯಸ್ಸಿನಲ್ಲಿ ದೇಹದಲ್ಲಿ ಆಗುವ ಬದಲಾವಣೆಗಳಲ್ಲಿ ಉಪವಾಸಕ್ಕೆ ನೇರವಾಗಿ ಸಂಬಂಧಿಸಿದವು ನಾಲ್ಕು.

ಮೊದಲನೆಯದು ಸ್ನಾಯುಗಳ ಕ್ಷಯ. ಮಧ್ಯವಯಸ್ಸಿನಿಂದಲೇ ಮನುಷ್ಯನ ಸ್ನಾಯುಗಳು ನಿಧಾನವಾಗಿ ಕರಗತೊಡಗುತ್ತವೆ. ಅರವತ್ತರ ಅನಂತರ ಆ ವೇಗ ಹೆಚ್ಚುತ್ತದೆ. ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಎಂಬ ವೈದ್ಯರು 1980ರ ದಶಕದ ಕೊನೆಯಲ್ಲಿ ಇದಕ್ಕೆ ಸಾರ್ಕೊಪೀನಿಯ ಎಂಬ ಹೆಸರನ್ನಿಟ್ಟರು. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ಮಾಂಸದ ಕೊರತೆ ಎಂದು. ಕುಳಿತಲ್ಲಿಂದ ಏಳಲು ಕೈಯೂರಬೇಕಾಗುವುದು, ಬಸದಿಯ ಮೆಟ್ಟಿಲು ಹತ್ತುವಾಗ ಕಾಲು ನಡುಗುವುದು, ನೀರು ತುಂಬಿದ ಕೊಡ ಹಿಂದಿಗಿಂತ ಭಾರವೆನಿಸುವುದು, ಇವೆಲ್ಲ ಅದರ ಲಕ್ಷಣಗಳು. ಆರೋಗ್ಯವಂತರಾದ ಕೆಲವು ಹಿರಿಯರನ್ನು 10 ದಿನ ಹಾಸಿಗೆಯ ಮೇಲೆಯೇ ಇರಿಸಿ ಮಾಡಿದ, 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅಷ್ಟೇ ಅವಧಿಯಲ್ಲಿ ಅವರ ಕಾಲುಗಳಿಂದ ಸುಮಾರು 1 ಕಿಲೋಗ್ರಾಂ ಸ್ನಾಯು ಕರಗಿತ್ತು. ಅವರಿಗೆ ಊಟದ ಕೊರತೆಯಿರಲಿಲ್ಲ, ನಡೆದಾಟವಷ್ಟೇ ನಿಂತಿತ್ತು. ಪರ್ವದ ಹತ್ತು ದಿನ ಊಟವೂ ಇಲ್ಲದೆ, ನಡೆದಾಟವೂ ಇಲ್ಲದೆ ಮಲಗಿರುವ ವೃದ್ಧರ ಕಾಲುಗಳ ಗತಿಯನ್ನು ಇದರಿಂದ ಊಹಿಸಬಹುದು. ಪರ್ವ ಮುಗಿದ ಅನಂತರ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದರೆ, ಉಪವಾಸದಿಂದ ಬಂದ ನಿಶ್ಶಕ್ತಿಯನ್ನು ಯಾರೂ ನೆನೆಯುವುದಿಲ್ಲ. ನೆಲದ ಒದ್ದೆಯನ್ನಷ್ಟೇ ದೂರುತ್ತಾರೆ.

ಎರಡನೆಯದು ಬಾಯಾರಿಕೆಯ ಮಂದತೆ. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ನಡೆದು 1984ರಲ್ಲಿ ಪ್ರಕಟವಾದ ಒಂದು ಅಧ್ಯಯನ ಉಪವಾಸ ಮಾಡುವವರೆಲ್ಲರೂ ತಿಳಿದಿರಬೇಕಾದುದು. 67ರಿಂದ 75 ವರ್ಷದ ಏಳು ಮಂದಿ ಆರೋಗ್ಯವಂತ ಪುರುಷರೂ, 20ರಿಂದ 31 ವರ್ಷದ ಏಳು ಮಂದಿ ತರುಣರೂ 24 ಗಂಟೆಗಳ ಕಾಲ ನೀರು ಕುಡಿಯದೆ ಇದ್ದರು. ರಕ್ತಪರೀಕ್ಷೆಯಲ್ಲಿ ಹಿರಿಯರ ದೇಹದಲ್ಲಿಯೇ ನೀರಿನ ಅಭಾವದ ಗುರುತು ಹೆಚ್ಚಾಗಿತ್ತು. ಆದರೂ ಬಾಯಾರಿಕೆ ಹೆಚ್ಚಾಗಿ ತೋರಿದುದು ತರುಣರಿಗೆ. ಅನಂತರ ನೀರು ಕೊಟ್ಟಾಗ ಹಿರಿಯರು ತರುಣರಿಗಿಂತ ಕಡಿಮೆ ಕುಡಿದರು. ವಯಸ್ಸಾದಂತೆ ಮೂತ್ರಪಿಂಡಗಳು ನೀರನ್ನು ಹಿಡಿದಿಡುವ ಶಕ್ತಿಯೂ ಇಳಿಯುತ್ತದೆ. ಆದುದರಿಂದ ನೀರಿಲ್ಲದ ಉಪವಾಸದ ದಿನ “ಬಾಯಾರಿಕೆಯೇ ಇಲ್ಲ, ಹಾಯಾಗಿದ್ದೇನೆ” ಎಂದು ಹಿರಿಯರು ಹೇಳಿದರೆ ಅದು ಅವರ ದೃಢತೆಯ ಫಲವೆಂದಷ್ಟೇ ಭಾವಿಸಬಾರದು. ದೇಹದ ಎಚ್ಚರಿಕೆಯ ಗಂಟೆಯೇ ಸದ್ದು ಮಾಡದೆ ಇರಬಹುದು.

ಮೂರನೆಯದು ಪೋಷಣೆಯ ಕೊರತೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಪ್ರಮಾಣದಂತೆ ವಯಸ್ಕರಿಗೆ ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 0.83 ಗ್ರಾಂ ಉತ್ತಮ ಗುಣದ ಪ್ರೋಟೀನು ಬೇಕು. ಮುಪ್ಪಿನಲ್ಲಿ ಸ್ನಾಯುಗಳು ಪ್ರೋಟೀನನ್ನು ಬಳಸಿಕೊಳ್ಳುವ ಸಾಮರ್ಥ್ಯ ತಗ್ಗುವುದರಿಂದ, ಅರವತ್ತೈದು ದಾಟಿದವರಿಗೆ 1ರಿಂದ 1.2 ಗ್ರಾಂ ಬೇಕೆಂದು ಹಲವು ದೇಶಗಳ ತಜ್ಞರ ತಂಡವೊಂದು 2013ರಲ್ಲಿ ಸಲಹೆ ಮಾಡಿತು. ಅಂದರೆ 50 ಕಿಲೋ ತೂಕದ ಹಿರಿಯರಿಗೆ ದಿನಕ್ಕೆ 50ರಿಂದ 60 ಗ್ರಾಂ. ಒಣ ಬೇಳೆ ಅಥವಾ ಕಾಳು 100 ಗ್ರಾಮಿನಲ್ಲಿ ಸುಮಾರು 20ರಿಂದ 24 ಗ್ರಾಂ, 200 ಮಿಲಿಲೀಟರಿನ ಒಂದು ಲೋಟ ಹಾಲಿನಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ಅಕ್ಕಿಯಲ್ಲಿ ಸುಮಾರು 7ರಿಂದ 8 ಗ್ರಾಂ ಪ್ರೋಟೀನು ಇರುತ್ತದೆ. ಹಲ್ಲು ಬಿದ್ದ ಅಜ್ಜಿಗೆ ಮೆತ್ತಗಿನ ಅನ್ನವನ್ನೂ ತಿಳಿಸಾರನ್ನೂ ಮಾತ್ರ ಬಡಿಸಿದರೆ ಆ ಅಗತ್ಯದ ಅರ್ಧಭಾಗವೂ ಪೂರೈಸದು. ಅಂಥವರು ಉಪವಾಸವಿಲ್ಲದ ದಿನಗಳಲ್ಲಿಯೂ ಅರಿಯದೆಯೇ ಅರೆ ಉಪವಾಸದಲ್ಲಿ ಇರುತ್ತಾರೆ.

ಇದಕ್ಕೆ ಸೇರಿದುದೇ ಬಿ-12 ಜೀವಸತ್ತ್ವದ ವಿಷಯ. ಸಸ್ಯಾಹಾರದಲ್ಲಿ ಅದು ನೆಚ್ಚಬಹುದಾದ ಪ್ರಮಾಣದಲ್ಲಿ ದೊರೆಯುವುದು ಹಾಲು, ಮೊಸರುಗಳಿಂದ. ವಯಸ್ಸಾದವರ ಜಠರದಲ್ಲಿ ಆಮ್ಲ ಕಡಿಮೆಯಾಗುವುದರಿಂದ ಅದು ರಕ್ತಕ್ಕೆ ಸೇರುವುದೂ ಕಷ್ಟ. ಅದರ ಕೊರತೆಯಿಂದ ರಕ್ತಹೀನತೆ, ಕೈಕಾಲು ಜೋಮು, ನಡಿಗೆಯಲ್ಲಿ ತೂರಾಟ, ಮರೆವು ಉಂಟಾಗಬಹುದು. ಮುಪ್ಪಿನ ಸಹಜ ಮರೆವೆಂದು ಅದನ್ನು ಉಪೇಕ್ಷಿಸುವ ಅಪಾಯವಿದೆ. ರಸಪರಿತ್ಯಾಗದ ನಿಯಮದಿಂದ ಹಾಲನ್ನು ಬಿಟ್ಟ ಹಿರಿಯರು ವೈದ್ಯರ ಸಲಹೆಯಂತೆ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ಔಷಧಿಯಾಗಿ ದೊರೆಯುವ ಬಿ-12 ಸೂಕ್ಷ್ಮಜೀವಿಗಳ ಹುದುಗುವಿಕೆಯಿಂದ ತಯಾರಾಗುತ್ತದೆ. ಆದರೆ ಅನೇಕ ಕ್ಯಾಪ್ಸೂಲುಗಳ ಹೊರಕವಚ ಪ್ರಾಣಿಜನ್ಯವಾದ ಜೆಲಟಿನ್ನಿನದು. ಆದುದರಿಂದ ಶ್ರಾವಕ ಕುಟುಂಬದವರು ಔಷಧಿಯ ವಿವರವನ್ನು ವಿಚಾರಿಸಿ, ತಮ್ಮ ಆಚಾರಕ್ಕೆ ಹೊಂದುವ ರೂಪವನ್ನು ಕೇಳಿ ಪಡೆಯತಕ್ಕದ್ದು.

ನಾಲ್ಕನೆಯದು ಔಷಧಿಗಳು. ಮಧುಮೇಹದ ಕೆಲವು ಮಾತ್ರೆಗಳನ್ನೂ ಇನ್ಸುಲಿನ್ನನ್ನೂ ಊಟವಿಲ್ಲದ ದಿನ ಎಂದಿನಂತೆ ತೆಗೆದುಕೊಂಡರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಈ ವಿಷಯದಲ್ಲಿ ವಿಸ್ತಾರವಾದ ಅಧ್ಯಯನ ನಡೆದಿರುವುದು ರಂಜಾನ್ ಉಪವಾಸ ಆಚರಿಸುವ ಮುಸ್ಲಿಮರಲ್ಲಿ. 13 ದೇಶಗಳ 12,243 ಮಧುಮೇಹಿಗಳನ್ನು 2001ರಲ್ಲಿ ವಿಚಾರಿಸಿ, 2004ರಲ್ಲಿ ಪ್ರಕಟಿಸಿದ ವರದಿಯಂತೆ, ವಯಸ್ಕರಲ್ಲಿ ಸಾಮಾನ್ಯವಾಗಿ ಕಾಣುವ ಎರಡನೆಯ ಬಗೆಯ ಮಧುಮೇಹ ಉಳ್ಳವರಲ್ಲಿ ಸಕ್ಕರೆ ತೀವ್ರವಾಗಿ ಕುಸಿದ ಪ್ರಸಂಗಗಳು ಉಪವಾಸದ ತಿಂಗಳಿನಲ್ಲಿ ಸುಮಾರು 7.5 ಪಟ್ಟು ಹೆಚ್ಚಿದ್ದವು. ಆ ಉಪವಾಸದಲ್ಲಿ ಸೂರ್ಯಾಸ್ತದ ಅನಂತರ ಆಹಾರವುಂಟು. ಹಗಲು ರಾತ್ರಿ ಎರಡೂ ನಿರಾಹಾರವಾಗಿರುವ ಉಪವಾಸದಲ್ಲಿ ಎಚ್ಚರ ಇನ್ನೂ ಹೆಚ್ಚಿರಬೇಕೆಂಬುದು ಸ್ಪಷ್ಟ. ರಕ್ತದೊತ್ತಡಕ್ಕಾಗಿ ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಸೇವಿಸುವವರು ನೀರನ್ನೂ ಬಿಟ್ಟರೆ ಎದ್ದುನಿಂತಾಗ ತಲೆ ತಿರುಗಿ ಬೀಳುವ ಭಯವಿದೆ.

ಕಳೆದ ಬಲ ಮರಳಿ ಬರುವುದೇ?

ಮುಪ್ಪಿನ ಸಂಶೋಧನೆಯಲ್ಲಿ ನಿರಾಶೆಯ ಮಾತುಗಳೇ ತುಂಬಿವೆಯೆಂದು ತಿಳಿಯಬಾರದು. ಅಮೆರಿಕದ ಬಾಸ್ಟನ್ ನಗರದ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಮಾರಿಯಾ ಫಿಯಾಟರೋನ್ ಎಂಬ ವೈದ್ಯೆಯೂ ಅವರ ಸಂಗಡಿಗರೂ ನಡೆಸಿ 1990ರಲ್ಲಿ ಪ್ರಕಟಿಸಿದ ಅಧ್ಯಯನ ಎಲ್ಲರನ್ನೂ ಬೆರಗುಗೊಳಿಸಿತು. 86ರಿಂದ 96 ವರ್ಷದ ಹತ್ತು ಮಂದಿ ದುರ್ಬಲ ವೃದ್ಧರು ಎಂಟು ವಾರ ಕಾಲುಗಳಿಂದ ಭಾರ ಎತ್ತುವ ವ್ಯಾಯಾಮವನ್ನು ಮಾಡಿದರು. ಅದನ್ನು ಪೂರ್ಣಗೊಳಿಸಿದವರ ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತು. ಇಬ್ಬರು ಊರುಗೋಲನ್ನೇ ಬಿಟ್ಟು ನಡೆಯತೊಡಗಿದರು. ಅದೇ ತಂಡ 1994ರಲ್ಲಿ 100 ಮಂದಿ ವೃದ್ಧರ ಅಧ್ಯಯನವನ್ನು ಪ್ರಕಟಿಸಿತು. ವ್ಯಾಯಾಮ ಮಾಡಿದವರಲ್ಲಿ ಬಲ ಹೆಚ್ಚಿತು. ವ್ಯಾಯಾಮವಿಲ್ಲದೆ ಪುಷ್ಟಿಯ ಪಾನೀಯವನ್ನು ಮಾತ್ರ ಕುಡಿದವರಲ್ಲಿ ಅಂತಹ ಫಲ ಕಾಣಲಿಲ್ಲ.

ಇದರಿಂದ ಎರಡು ಪಾಠಗಳು ದೊರೆಯುತ್ತವೆ. ತೊಂಬತ್ತರಲ್ಲಿಯೂ ಬಲವನ್ನು ಮರಳಿ ಪಡೆಯಲು ಅವಕಾಶವುಂಟು. ಆದರೆ ಅದು ಉಣಿಸುವುದರಿಂದ ಮಾತ್ರ ಬರುವುದಿಲ್ಲ. ಕಾಲು ಕೆಲಸ ಮಾಡಬೇಕು. ಹಿರಿಯರನ್ನು ಕೂರಿಸಿಯೇ ಎಲ್ಲವನ್ನೂ ಕೈಗೆ ತಂದುಕೊಡುವ ಮಕ್ಕಳ ಪ್ರೀತಿ ಸಹಜವಾದರೂ ಅದರಿಂದ ಉಪಕಾರ ಕಡಿಮೆ. ಗೋಡೆಯ ಆಸರೆಯಲ್ಲಿ ದಿನಕ್ಕೆ ಹತ್ತು ಸಲ ಕುರ್ಚಿಯಿಂದ ಎದ್ದು ಕೂರುವುದು, ಬಸದಿಗೆ ನಡೆದು ಹೋಗುವುದು, ಮನೆಯ ಹಗುರವಾದ ಕೆಲಸಗಳಲ್ಲಿ ಕೈ ಹಾಕುವುದು, ಇವು ಸಾಮಾನ್ಯವೆಂದು ತೋರಿದರೂ ಕಾಲಿನ ಬಲಕ್ಕೆ ಆಧಾರವಾಗುತ್ತವೆ.

ಒಂಟಿತನವೂ ಒಂದು ಹಸಿವು

ಹಿರಿಯರ ಕ್ಷೇಮವು ಅನ್ನ, ನೀರು, ನಡಿಗೆಗಳಿಂದಲೇ ಪೂರ್ಣವಾಗುವುದಿಲ್ಲ. 148 ಅಧ್ಯಯನಗಳ, 3 ಲಕ್ಷಕ್ಕೂ ಮೀರಿದ ಜನರ ವಿವರಗಳನ್ನು ಕೂಡಿಸಿ 2010ರಲ್ಲಿ ಪ್ರಕಟವಾದ ವಿಮರ್ಶೆಯೊಂದರಲ್ಲಿ, ಬಂಧುಮಿತ್ರರ ಒಡನಾಟ ಬಲವಾಗಿದ್ದವರು ಬದುಕಿ ಉಳಿಯುವ ಸಂಭವ ಉಳಿದವರಿಗಿಂತ ಸುಮಾರು ಶೇಕಡಾ 50ರಷ್ಟು ಹೆಚ್ಚಾಗಿತ್ತು. 2011ರ ಜನಗಣತಿಯಂತೆ ಭಾರತದಲ್ಲಿ ಅರವತ್ತು ದಾಟಿದವರು 10 ಕೋಟಿಗೂ ಹೆಚ್ಚು. ಅವರ ಸ್ಥಿತಿಗತಿಯನ್ನು ಅರಿಯಲು ಮುಂಬಯಿಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ 2017-18ರಲ್ಲಿ 45 ವರ್ಷ ದಾಟಿದವರನ್ನೂ ಅವರ ಪತಿ ಅಥವಾ ಪತ್ನಿಯರನ್ನೂ ಸೇರಿಸಿ 72,000ಕ್ಕೂ ಹೆಚ್ಚು ಮಂದಿಯನ್ನು ಸಂದರ್ಶಿಸಿದ ದೊಡ್ಡ ಸಮೀಕ್ಷೆಯೊಂದು ನಡೆಯಿತು. ಅದರಲ್ಲಿ ರೋಗಗಳ ಲೆಕ್ಕದೊಡನೆ ಕುಟುಂಬದ ಒಡನಾಟ, ಮನಸ್ಸಿನ ನೆಮ್ಮದಿ, ನೆನಪಿನ ಶಕ್ತಿಗಳನ್ನೂ ವಿಚಾರಿಸಿದುದು ಗಮನಾರ್ಹ.

ಇಲ್ಲಿ ವ್ರತಾಚರಣೆಯ ಒಂದು ಗುಣ ಕಾಣುತ್ತದೆ. ನೋಂಪಿಯೆಂಬುದು ಒಬ್ಬರೇ ಕೋಣೆಯಲ್ಲಿ ಹಸಿದಿರುವುದಲ್ಲ. ಪೂಜೆ, ಕಥಾಶ್ರವಣ, ಸ್ವಾಧ್ಯಾಯ, ಪಾರಣೆಗೆ ಬರುವ ಬಂಧುಗಳು, ಇವೆಲ್ಲ ಅದರ ಅಂಗಗಳು. ಮುಪ್ಪಿನಲ್ಲಿ ಉಪವಾಸವನ್ನು ಬಿಡಿ ಎಂದು ಹೇಳುವವರು ಎಷ್ಟೋ ಸಲ ಈ ಸಂಗವನ್ನೂ ಅವರಿಂದ ಕಿತ್ತುಕೊಳ್ಳುತ್ತಾರೆ. “ಅತ್ತೆ, ನಿಮಗೆ ಆಗುವುದಿಲ್ಲ, ಮನೆಯಲ್ಲಿಯೇ ಇರಿ” ಎಂಬ ಮಾತಿನ ಹಿಂದೆ ಕಾಳಜಿಯಿರಬಹುದು. ಆದರೆ ಕೇಳಿದವರ ಮನಸ್ಸಿಗೆ ತಾವು ಇನ್ನು ಯಾವುದಕ್ಕೂ ಬೇಡವಾದೆವೆಂಬ ಭಾವ ಮೂಡುತ್ತದೆ. ಐವತ್ತು ವರ್ಷ ನಡೆಸಿದ ನಿಯಮವನ್ನು ಮಕ್ಕಳ ಒಂದು ಮಾತಿಗೆ ಬಿಡಬೇಕಾಗುವ ಸಂಕಟ ಸಣ್ಣದಲ್ಲ. ಹಸಿವಿನ ಪ್ರಮಾಣವನ್ನು ಇಳಿಸಬಹುದು; ವ್ರತದ ಗೌರವವನ್ನು ಇಳಿಸಬೇಕಾಗಿಲ್ಲ.

ಶಕ್ತಿಗೆ ತಕ್ಕ ತಪಸ್ಸು

ಹಾಗಾದರೆ ಮಾರ್ಗ ಯಾವುದು? ಷೋಡಶಕಾರಣ ಭಾವನೆಗಳಲ್ಲಿ ತಪಸ್ಸಿಗೂ ತ್ಯಾಗಕ್ಕೂ ಶಕ್ತಿತಃ ಎಂಬ ವಿಶೇಷಣವನ್ನು ಸೇರಿಸಲಾಗಿದೆ. ಇರುವ ಶಕ್ತಿಯನ್ನು ಮುಚ್ಚಿಡಬಾರದು, ಇಲ್ಲದ ಶಕ್ತಿಯನ್ನು ಇದೆಯೆಂದು ತೋರಿಸಬಾರದು. ಶ್ರಾವಕಾಚಾರ ಗ್ರಂಥಗಳು ಪ್ರೋಷಧೋಪವಾಸದಲ್ಲಿ ಉತ್ತಮ, ಮಧ್ಯಮ, ಜಘನ್ಯ ಎಂಬ ಮೆಟ್ಟಿಲುಗಳನ್ನು ಹೇಳಿರುವುದೂ ಇದೇ ಕಾರಣದಿಂದ. ಬಾಹ್ಯ ತಪಸ್ಸುಗಳು ಆರು, ಆಭ್ಯಂತರ ತಪಸ್ಸುಗಳು ಆರು. ದೇಹಬಲ ಕುಗ್ಗಿದಾಗ ಅನಶನ ಕಷ್ಟವಾಗಬಹುದು. ವಿನಯ, ಸ್ವಾಧ್ಯಾಯ, ಧ್ಯಾನಗಳಿಗೆ ವಯಸ್ಸಿನ ತಡೆಯಿಲ್ಲ. ಹಿಂದಿನ ವರ್ಷ ಹತ್ತು ಉಪವಾಸ ಮಾಡಿದವರು ಈ ವರ್ಷ ಏಕಭುಕ್ತದಲ್ಲಿದ್ದರೆ ಅದನ್ನು ಸೋಲೆಂದು ಎಣಿಸುವುದು ಅಜ್ಞಾನ. ಪಕ್ಕದ ಮನೆಯವರ ಉಪವಾಸದ ಲೆಕ್ಕವನ್ನು ನೋಡಿ ಸ್ಪರ್ಧೆಗೆ ಇಳಿಯುವುದು ಮಾನಕಷಾಯವೇ ಹೊರತು ತಪಸ್ಸಲ್ಲ. ನಿಶ್ಶಕ್ತಿಯಿಂದ ಪರಿತಪಿಸುತ್ತ ಕಳೆದ ಉಪವಾಸದ ದಿನ ಆರ್ತಧ್ಯಾನಕ್ಕೆ ಎಡೆಮಾಡಿಕೊಡುತ್ತದೆಯೆಂಬುದನ್ನೂ ಮರೆಯಬಾರದು.

ಈ ದೃಷ್ಟಿಯಿಂದ ಪ್ರತಿಯೊಂದು ಕುಟುಂಬವೂ ಪಾಲಿಸಬಹುದಾದ ಕ್ರಮವೊಂದನ್ನು ಕೆಳಗೆ ಕೊಟ್ಟಿದೆ.

1. ಪರ್ವಕ್ಕೆ ಎರಡು ಮೂರು ವಾರ ಮೊದಲೇ ಹಿರಿಯರನ್ನು ವೈದ್ಯರಲ್ಲಿಗೆ ಕರೆದೊಯ್ಯಬೇಕು. ಎಷ್ಟು ಹೊತ್ತು ಆಹಾರವಿರುವುದಿಲ್ಲ, ನೀರು ಇದೆಯೋ ಇಲ್ಲವೋ ಎಂಬುದನ್ನು ಬಿಡಿಸಿ ಹೇಳಿ, ಔಷಧಿಗಳ ಪ್ರಮಾಣವನ್ನೂ ಹೊತ್ತನ್ನೂ ಕೇಳಿ ಬರೆದಿಟ್ಟುಕೊಳ್ಳಬೇಕು. ಔಷಧಿಯನ್ನು ತಾವಾಗಿಯೇ ನಿಲ್ಲಿಸುವುದೂ, ಉಪವಾಸದಲ್ಲಿ ಎಂದಿನಂತೆ ನುಂಗುವುದೂ ಎರಡೂ ತಪ್ಪು.

2. ಜೀವಾವಧಿಯ ಸಂಕಲ್ಪ ಯಮವೆಂದೂ, ಕಾಲದ ಮಿತಿಯುಳ್ಳದ್ದು ನಿಯಮವೆಂದೂ ಶಾಸ್ತ್ರದಲ್ಲಿ ಭೇದವಿದೆ. ಇಳಿವಯಸ್ಸಿನಲ್ಲಿ ಹೊಸದಾಗಿ ಸಂಕಲ್ಪ ಮಾಡುವವರು ಗುರುಗಳಲ್ಲಿ ತಮ್ಮ ದೇಹಸ್ಥಿತಿಯನ್ನು ಅರಿಕೆ ಮಾಡಿ, ದಿನದಿನಕ್ಕೆ ಮಾತ್ರ ನಿಯಮವನ್ನು ಸ್ವೀಕರಿಸುವುದು ಕ್ಷೇಮ. ಆಗ ವ್ರತಭಂಗದ ಅಂಜಿಕೆಯಿಂದ ಅಪಾಯವನ್ನು ಬಚ್ಚಿಡುವ ಪ್ರಸಂಗ ಬರುವುದಿಲ್ಲ.

3. ಮೂತ್ರಪಿಂಡ, ಹೃದಯ, ಮಧುಮೇಹಗಳ ತೊಂದರೆಯುಳ್ಳವರಿಗೆ ನೀರಿಲ್ಲದ ಉಪವಾಸ ಯೋಗ್ಯವಲ್ಲ. ಉಳಿದ ಹಿರಿಯರೂ ನಿಯಮದಲ್ಲಿ ಅವಕಾಶವಿದ್ದಷ್ಟೂ ಹಗಲಿನಲ್ಲಿ ಕಾಯಿಸಿ ಆರಿಸಿದ ನೀರನ್ನು ಬಾಯಾರಿಕೆಗಾಗಿ ಕಾಯದೆ, ಹೊತ್ತಿಗೆ ಸರಿಯಾಗಿ ಸೇವಿಸಬೇಕು. ವೈದ್ಯರು ನೀರಿಗೆ ಮಿತಿ ಹೇಳಿದ್ದರೆ ಆ ಮಿತಿಯನ್ನು ಮೀರಬಾರದು.

4. ಉಪವಾಸವಿಲ್ಲದ ದಿನಗಳಲ್ಲಿ ಸೂರ್ಯಾಸ್ತಕ್ಕೆ ಮುಂಚಿನ ಎರಡೂ ಊಟಗಳಲ್ಲಿ ಪ್ರೋಟೀನು ಇರಬೇಕು. ಒಂದು ಹೊತ್ತು ಗಟ್ಟಿಯಾದ ತೊವ್ವೆ ಅಥವಾ ಬೇಯಿಸಿದ ಕಾಳು, ಇನ್ನೊಂದು ಹೊತ್ತು ಹಾಲು ಅಥವಾ ಮೊಸರು ಎಂದು ಹಂಚಿಕೊಂಡರೆ ದ್ವಿದಳದ ನಿಯಮಕ್ಕೂ ಬಾಧಕವಿಲ್ಲ. ಹಲ್ಲಿಲ್ಲದವರಿಗೆ ಹೆಸರುಬೇಳೆಯ ಪಾಯಸ, ಹುರಿಗಡಲೆಯ ಹಿಟ್ಟು ಅನುಕೂಲ. ಮೂತ್ರಪಿಂಡದ ರೋಗಿಗಳು ಮಾತ್ರ ಪ್ರೋಟೀನಿನ ಪ್ರಮಾಣವನ್ನು ವೈದ್ಯರಿಂದಲೇ ಗೊತ್ತುಮಾಡಿಕೊಳ್ಳಬೇಕು.

5. ಪರ್ವದ ದಿನಗಳಲ್ಲಿಯೂ ಪೂರ್ತಿ ಮಲಗಿರಬಾರದು. ಮನೆಯೊಳಗೇ ಆದರೂ ಜೊತೆಗೊಬ್ಬರ ಕೈ ಹಿಡಿದು ಆಗಾಗ ನಡೆದಾಡಬೇಕು. ಏಳುವಾಗ ಒಂದು ಕ್ಷಣ ಕುಳಿತು ಅನಂತರ ನಿಲ್ಲಬೇಕು.

6. ತಲೆಸುತ್ತು, ಮಾತಿನ ತೊದಲು, ಗಲಿಬಿಲಿ, ಬೆವರು ಮತ್ತು ನಡುಕ, ಎದೆನೋವು, ವಾಂತಿ, ಮೂತ್ರ ತೀರ ಕಡಿಮೆಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ಉಪವಾಸವನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕರೆಯಬೇಕು. ಹಲವು ದಿನಗಳ ಉಪವಾಸದ ಪಾರಣೆಯಲ್ಲಿ ಒಮ್ಮೆಗೇ ಹೊಟ್ಟೆ ತುಂಬ ಸಿಹಿಯೂಟ ಬಡಿಸುವುದು ಪ್ರೀತಿಯಲ್ಲ, ಅಪಾಯ. ತೆಳುವಾದ ಆಹಾರದಿಂದ ಮೆಲ್ಲಗೆ ಆರಂಭಿಸಬೇಕು.

7. ತಿಂಗಳಿಗೊಮ್ಮೆ ತೂಕ ನೋಡಿ ಗೋಡೆಯ ಪಂಚಾಂಗದಲ್ಲಿ ಬರೆದಿಡಬಹುದು. ಪ್ರಯತ್ನವಿಲ್ಲದೆಯೇ ಆರರಿಂದ ಹನ್ನೆರಡು ತಿಂಗಳಲ್ಲಿ ಶೇಕಡಾ 5ರಷ್ಟು ತೂಕ, ಅಂದರೆ 50 ಕಿಲೋ ತೂಕದವರಲ್ಲಿ ಎರಡೂವರೆ ಕಿಲೋ, ಇಳಿದಿದ್ದರೆ ಅದರ ಕಾರಣವನ್ನು ವೈದ್ಯರಿಂದ ತಿಳಿಯುವವರೆಗೆ ಉಪವಾಸವನ್ನು ಮುಂದೂಡುವುದು ಯುಕ್ತ.

ಕೊನೆಯದಾಗಿ, ಉಪವಾಸ ಮಾಡುವ ಹಿರಿಯರಿಗೆ ತಪಸ್ಸು ಒಂದಾದರೆ, ಅವರನ್ನು ನೋಡಿಕೊಳ್ಳುವ ಕಿರಿಯರಿಗೂ ಒಂದು ತಪಸ್ಸುಂಟು. ವೃದ್ಧರ, ರೋಗಿಗಳ, ತಪಸ್ವಿಗಳ ಸೇವೆಯಾದ ವೈಯಾವೃತ್ತ್ಯವು ಆಭ್ಯಂತರ ತಪಸ್ಸುಗಳಲ್ಲಿ ಎಣಿಕೆಯಾಗಿದೆ. ಅಜ್ಜನಿಗೆ ಹೊತ್ತಿಗೆ ನೀರು ಕೊಟ್ಟ ಮೊಮ್ಮಗನೂ, ಅತ್ತೆಯ ಕೈ ಹಿಡಿದು ಬಸದಿಯ ಮೆಟ್ಟಿಲು ಹತ್ತಿಸಿದ ಸೊಸೆಯೂ ಪರ್ವದಲ್ಲಿ ಭಾಗಿಗಳೇ. ಹಿರಿಯರು ತಮ್ಮ ಶಕ್ತಿಯನ್ನು ಅರಿತು ನಿಯಮ ಹಿಡಿದರೆ, ಕಿರಿಯರು ಅವರ ನಿಯಮವನ್ನು ಅರಿತು ಸೇವೆ ಮಾಡಿದರೆ, ಮುಂದಿನ ವರ್ಷದ ಪರ್ವಕ್ಕೂ ಅವರು ತಮ್ಮ ಕಾಲುಗಳ ಮೇಲೆಯೇ ನಡೆದು ಬರುವಂತಾಗುವುದು.

ಸ್ವಾಧ್ಯಾಯಕ್ಕೆ ಪ್ರಶ್ನೆಗಳು

1. ಮಿತಾಹಾರಕ್ಕೂ ಅಪೌಷ್ಟಿಕ ಆಹಾರಕ್ಕೂ ಇರುವ ಭೇದವೇನು? ಮೆಕೇಯವರ ಪ್ರಯೋಗದಿಂದ ಅದು ಹೇಗೆ ತಿಳಿದುಬರುತ್ತದೆ?

2. ಬಾಯಾರಿಕೆಯಿಲ್ಲವೆಂಬ ಹಿರಿಯರ ಮಾತನ್ನು ಹಾಗೆಯೇ ನಂಬಬಾರದೇಕೆ?

3. ಮನೆಯ ಹಿರಿಯರ ಒಂದು ದಿನದ ಊಟದಲ್ಲಿ ಎಷ್ಟು ಗ್ರಾಂ ಪ್ರೋಟೀನು ಇರುತ್ತದೆ? ಮನೆಯವರೆಲ್ಲ ಕೂಡಿ ಲೆಕ್ಕ ಹಾಕಿರಿ.

4. ಅನಶನ ಸಾಧ್ಯವಾಗದ ಹಿರಿಯರು ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ಕೈಗೊಳ್ಳಬಹುದಾದ ಇತರ ತಪಸ್ಸುಗಳು ಯಾವುವು?